ನಾಲ್ಕನೆಯ ಸೆಟ್ಟಿನ ಮಚ್ಚೆ

ಲೋಕದಲ್ಲಿ ಯಾರು ಬೇಕಾದರೂ ಉದ್ಧಾರವಾಗಲಿ, ದೊಡ್ಡ ಮೆಕ್ಯಾನಿಕ್‌ನ ಅಡ್ಡಿಯಿರಲಿಲ್ಲ. ಎದುರುಮನೆಯವನು ಮೂರನೆಯ ಮಹಡಿ ಎಬ್ಬಿಸಿದಾಗ ಹೊಸ ಗೋಡೆಗೆ ನೀರು ಹೊಡೆಯಲು ತಾನೇ ಪೈಪು ಹಿಡಿದು ನಿಂತಿದ್ದ. ಬಾಲ್ಯದ ಗೆಳೆಯನ ಮಗಳಿಗೆ ದೊಡ್ಡ ನೌಕರಿ ಸಿಕ್ಕಿದಾಗ, ಹೆತ್ತವರಿಗಿಂತ ಮೊದಲು ಇವನೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ. ಅವನ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿದ್ದುದು ಒಬ್ಬನೇ ಒಬ್ಬನನ್ನು ಕಂಡರೆ. ಆ ಒಬ್ಬ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಹೋಗಲಿ, ಆ ಷಡ್ಡಕ ಬಟ್ಟೆ ವ್ಯಾಪಾರವನ್ನೋ ಬಸ್ಸಿನ ಕಂಡಕ್ಟರಿಕೆಯನ್ನೋ ಮಾಡಿಕೊಂಡಿದ್ದರೆ ನಡೆದುಹೋಗುತ್ತಿತ್ತು. ಅವನೂ ಟಿವಿ ಮೆಕ್ಯಾನಿಕ್ಕೇ. ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಅವನ ಅಂಗಡಿ.

ಬೀದಿಯವರು ಅಕ್ಕನ ಗಂಡನನ್ನು ದೊಡ್ಡ ಮೆಕ್ಯಾನಿಕ್ ಎಂದೂ ತಂಗಿಯ ಗಂಡನನ್ನು ಚಿಕ್ಕ ಮೆಕ್ಯಾನಿಕ್ ಎಂದೂ ಕರೆಯುತ್ತಿದ್ದರು. ಮೊದಮೊದಲು ಆ ‘ದೊಡ್ಡ’ಕ್ಕೆ ಕೆಲಸದ ತೂಕವಿತ್ತು. ಬರಬರುತ್ತ ಅದು ಬರೀ ವಯಸ್ಸಿನ ಮಾತಾಯಿತು. ಅಂಗಡಿಗೆ ಬಂದವರು, “ನೀವು ಯಾಕೆ ಕಷ್ಟಪಡ್ತೀರ, ಚಿಕ್ಕವರನ್ನೇ ಕಳಿಸಿ” ಎನ್ನತೊಡಗಿದರು. ಅತ್ತೆಯಂತೂ ತಮ್ಮ ಮನೆಯ ಟಿವಿ ಕೆಟ್ಟಾಗಲೆಲ್ಲ ಚಿಕ್ಕಳಿಯನಿಗೇ ಫೋನು ಮಾಡುತ್ತಿದ್ದರು. ಕೇಳಿದರೆ, “ನಿಮಗ್ಯಾಕೆ ತೊಂದರೆ ಅಂತ” ಎನ್ನುತ್ತಿದ್ದರು. ಪಾಪ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ‘ತೊಂದರೆ’ ಎಂಬ ಮಾತು ಅವನಿಗೆ ವಾರಗಟ್ಟಲೆ ಚುಚ್ಚುತ್ತಿತ್ತು.

ಹೊಟ್ಟೆಕಿಚ್ಚಿಗೆ ಕಾರಣ ಬೇಕೆಂದೇನೂ ಇಲ್ಲ, ಆದರೂ ಅವನು ಕಾರಣಗಳನ್ನು ಕೂಡಿಡುತ್ತಿದ್ದ. ಷಡ್ಡಕನ ಸ್ಕೂಟರು ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತಿತ್ತು, ಇವನದಕ್ಕೆ ಐದು ಬೇಕು. ಷಡ್ಡಕನ ತಲೆಯಲ್ಲಿ ಇನ್ನೂ ಕಪ್ಪು ಕೂದಲಿತ್ತು, ಅದೂ ಬಣ್ಣ ಹಚ್ಚದೆ. ಇದನ್ನು ಇವನು ಹತ್ತಿರದಿಂದ ನೋಡಿ ಖಾತ್ರಿ ಮಾಡಿಕೊಂಡಿದ್ದ. ಷಡ್ಡಕನಿಗೆ ಜ್ವರ ಬಂದರೆ ಹದಿನೈದು ಜನ ನೋಡಲು ಹೋಗುತ್ತಿದ್ದರು. ತನಗೆ ಜ್ವರ ಬಂದಾಗ ನೋಡಲು ಬಂದವನು ಒಬ್ಬನೇ, ಅವನೂ ಅದೇ ಷಡ್ಡಕ. ಹಣ್ಣು ಬೇರೆ ತಂದಿದ್ದ ಮಹಾರಾಯ.

“ಊಟಕ್ಕೆ ಕೂತಾಗಲಾದ್ರೂ ಅವನನ್ನ ಹೊರಗೆ ಬಿಟ್ಟು ಬನ್ನಿ. ದಿನಾ ಮೂರು ಜನಕ್ಕೆ ಬಡಿಸಿದ ಹಾಗಾಗುತ್ತೆ ನನಗೆ” ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ಅವಳಿಗೆ ಇದೆಲ್ಲ ತಮಾಷೆ. ತಂಗಿಯ ಮೇಲೆ ಅವಳಿಗೆ ಎಳ್ಳಷ್ಟೂ ಮತ್ಸರವಿರಲಿಲ್ಲ.

ಅವನಿಗೆ ಎಲ್ಲಕ್ಕಿಂತ ಉರಿಯುತ್ತಿದ್ದುದು ಬೇರೆ. ಷಡ್ಡಕನಿಗೆ ವಿದ್ಯೆ ಕಲಿಸಿದ್ದು ಬೇರೆ ಯಾರೂ ಅಲ್ಲ, ತಾನೇ. ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅವನಿಗೆ ರೇಡಿಯೋದ ಹಿಂಬದಿ ಬಿಚ್ಚುವುದಷ್ಟೇ ಗೊತ್ತಿತ್ತು. ಮನೆಯ ಹುಡುಗ ಅಲ್ಲವೇ ಎಂದು ಬೆಂಚಿನ ಪಕ್ಕ ಕೂರಿಸಿಕೊಂಡು, ಬಣ್ಣದ ಟಿವಿಯ ಒಳಗುಟ್ಟನ್ನೆಲ್ಲ ಇವನೇ ಬಿಡಿಸಿ ಹೇಳಿದ್ದ.

ಆ ಗುಟ್ಟು ಇಷ್ಟು. ಗೋಡೆಗೆ ನೇತುಹಾಕುವ ಈಗಿನ ಚಪ್ಪಟೆ ಟಿವಿಗಳ ಮಾತಲ್ಲ, ಇಬ್ಬರು ಸೇರಿ ಎತ್ತಬೇಕಾಗಿದ್ದ ಡಬ್ಬಾ ಟಿವಿಗಳ ಮಾತು. ಅದರ ಗಾಜಿನ ಹಿಂದೆ ಲಕ್ಷಗಟ್ಟಲೆ ಸಣ್ಣ ತೂತುಗಳಿರುವ ತೆಳು ತಗಡೊಂದು ಇರುತ್ತದೆ. ಕೆಂಪು, ಹಸಿರು, ನೀಲಿಯ ಮೂರು ಕಿರಣಗಳು ಆ ತೂತುಗಳಲ್ಲಿ ನುಸುಳಿ ಗಾಜಿನ ಒಳಬದಿಯ ತಂತಮ್ಮ ಬಣ್ಣದ ಚುಕ್ಕೆಗೇ ಹೊಡೆಯಬೇಕು. ಸೆಟ್ಟಿಗೆ ವಯಸ್ಸಾದಂತೆ, ಪಕ್ಕದಲ್ಲಿ ಸ್ಪೀಕರೋ ಮೋಟಾರೋ ಇದ್ದರೆ ಇನ್ನೂ ಬೇಗ, ಆ ತಗಡಿಗೆ ಮ್ಯಾಗ್ನೆಟ್ಟಿನ ಗುಣ ಹಿಡಿಯುತ್ತದೆ. ಆಗ ಕಿರಣಗಳು ದಾರಿ ತಪ್ಪಿ ಪಕ್ಕದವರ ಚುಕ್ಕೆಗೆ ಹೊಡೆಯುತ್ತವೆ. ವಾರ್ತೆ ಓದುವವಳ ಕೆನ್ನೆಯ ಮೇಲೆ ನೇರಳೆ ಮಚ್ಚೆ ಮೂಡುತ್ತದೆ, ಆಟದ ಮೈದಾನದ ಒಂದು ಮೂಲೆ ಹಳದಿಗೆ ತಿರುಗುತ್ತದೆ. ಅದಕ್ಕೆ ಮದ್ದು ಒಂದು ಕಾಯಿಲ್. ಊಟದ ತಟ್ಟೆಯಷ್ಟು ಅಗಲದ ತಂತಿಯ ಬಳೆ, ಅದಕ್ಕೊಂದು ಒತ್ತುವ ಸ್ವಿಚ್ಚು. ಸ್ವಿಚ್ಚನ್ನು ಒತ್ತಿ ಹಿಡಿದು ಗಾಜಿನ ಮುಂದೆ ಸುತ್ತಿಸಬೇಕು, ಸುತ್ತಿಸುತ್ತಲೇ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಬರಬೇಕು, ಎರಡು ಮಾರು ದೂರ ಬಂದಮೇಲಷ್ಟೇ ಹೆಬ್ಬೆರಳು ಬಿಡಬೇಕು. ಹತ್ತಿರವಿದ್ದಾಗಲೇ ಬಿಟ್ಟರೆ ಹಳೆಯ ಮಚ್ಚೆ ಹೋಗುವುದಿರಲಿ, ಹೊಸದೊಂದು ಗಟ್ಟಿಯಾಗಿ ಕೂರುತ್ತದೆ.

ಚಪ್ಪಟೆ ಟಿವಿಗಳು ಬಂದಮೇಲೆ ಈ ವಿದ್ಯೆಯನ್ನು ಕೇಳುವವರೇ ಇಲ್ಲವಾದರು. ದೊಡ್ಡ ಮೆಕ್ಯಾನಿಕ್‌ನ ಅಂಗಡಿಯ ಅರ್ಧ ಭಾಗಕ್ಕೆ ಫೋನಿನ ಕವರು ಮಾರುವವನು ಬಂದು ಕೂತಿದ್ದ. ತಿಂಗಳು ಕಳೆದರೆ ಉಳಿದರ್ಧವೂ ಅವನದೇ. “ನೀವು ಎಲ್ಲಿಗೂ ಹೋಗಬೇಡಿ ಅಂಕಲ್, ಇಲ್ಲೇ ಕೂತು ಫೋನಿಗೆ ಗಾಜು ಅಂಟಿಸಿ” ಎಂದು ಆ ಪುಣ್ಯಾತ್ಮ ಹೇಳಿಯೂ ಇದ್ದ. ಆ ಮಾತು ಕೇಳಿದ ದಿನ ಇವನಿಗೆ ಅನ್ನ ಇಳಿಯಲಿಲ್ಲ.

ಅಷ್ಟರಲ್ಲಿ ಒಂದು ದಾರಿ ತೆರೆಯಿತು. ಹಳೆಯ ಗೋದಾಮೊಂದನ್ನು ತೊಳೆದು ಬಳಿದು, ಒಬ್ಬ ಹೆಂಗಸು ಅಲ್ಲಿ ಆಟದ ಮನೆ ತೆರೆಯುವವಳಿದ್ದಳು. ಅವಳು ಚಿಕ್ಕವಳಿದ್ದಾಗ ಟಿವಿಗೆ ತಂತಿ ಚುಚ್ಚಿ ಆಡುತ್ತಿದ್ದರಲ್ಲ, ಆ ಹಳೆಯ ವಿಡಿಯೋ ಆಟಗಳು. ಅವು ಡಬ್ಬಾ ಟಿವಿಯಲ್ಲೇ ಚೆಂದ, ಚಪ್ಪಟೆ ಟಿವಿಯಲ್ಲಿ ಹೆಣದ ಕಳೆ ಎನ್ನುವವರು ಈಗಲೂ ಇದ್ದಾರಂತೆ. ಇಪ್ಪತ್ತನಾಲ್ಕು ಸೆಟ್ಟು ಕೂಡಿಹಾಕಿದ್ದಳು. ಅವುಗಳನ್ನು ದಿನವೂ ನೋಡಿಕೊಳ್ಳಲು ಒಬ್ಬ ಬಲ್ಲವನು ಬೇಕು. ಒಂದೇ ಕುರ್ಚಿ, ಒಬ್ಬನೇ ಆಸಾಮಿ. ಊರಲ್ಲಿ ಬಲ್ಲವರು ಉಳಿದಿದ್ದವರೋ ಇಬ್ಬರೇ.

ಯಜಮಾನಿ ಇಬ್ಬರನ್ನೂ ಕರೆಸಿ ನೇರವಾಗಿ ಹೇಳಿದಳು. “ನೀವಿಬ್ರೂ ಒಂದೇ ಮನೆ ಅಳಿಯಂದಿರಂತೆ. ನನಗೆ ಮನಸ್ತಾಪ ತಂದಿಡೋದು ಇಷ್ಟ ಇಲ್ಲ. ಹನ್ನೆರಡು ಸೆಟ್ ನಿಮಗೆ, ಹನ್ನೆರಡು ಅವರಿಗೆ. ಮುಂದಿನ ವಾರ ಶನಿವಾರ ಮೂರು ಗಂಟೆಗೆ ಬರ್ತೀನಿ, ಅಷ್ಟರಲ್ಲಿ ಎಲ್ಲಾದರಲ್ಲೂ ಬರೀ ಕೆಂಪು ಹಾಕಿಟ್ಟಿರಿ. ಯಾರ ಸಾಲಲ್ಲಿ ಮಚ್ಚೆ ಇರಲ್ವೋ ಅವರಿಗೆ ಕೆಲಸ.”

ಬರೀ ಕೆಂಪು ಎಂದರೆ ಸುಮ್ಮನೆ ಅಲ್ಲ. ತೆರೆಯ ತುಂಬ ಕೆಂಪೊಂದನ್ನೇ ಹರಡಿದರೆ ಅಡಗಿದ ಮಚ್ಚೆಯೆಲ್ಲ ಎದ್ದು ಕಾಣುತ್ತದೆ. ಹೆಂಗಸು ವಿಷಯ ತಿಳಿದವಳೇ ಎಂದು ದೊಡ್ಡ ಮೆಕ್ಯಾನಿಕ್‌ಗೆ ಖುಷಿಯಾಯಿತು.

ಆಗ ಷಡ್ಡಕ ಬಾಯಿ ಹಾಕಿದ. “ಎರಡೂ ಸಾಲು ಚೆನ್ನಾಗಿದ್ರೆ ಭಾವನಿಗೇ ಕೊಟ್ಬಿಡಿ ಮೇಡಂ. ಅವರು ದೊಡ್ಡವರು.”

“ಒಳ್ಳೇದು, ಹಾಗೇ ಆಗಲಿ” ಎಂದಳು ಅವಳು, ಷಡ್ಡಕನ ಕಡೆಗೆ ಮೆಚ್ಚುಗೆಯ ಕಣ್ಣು ಹೊರಳಿಸಿ.

ನೋಡಿದಿರಾ, ಹೇಗೆ ಮೆಲ್ಲಗೆ ಕತ್ತಿ ಇಳಿಸಿದ! ದೊಡ್ಡ ಮೆಕ್ಯಾನಿಕ್ ದಾರಿಯುದ್ದಕ್ಕೂ ಹಲ್ಲು ಕಡಿದ. ತನಗೇನು ಇವನು ಬಿಟ್ಟುಕೊಡುವುದು? ವಯಸ್ಸಿಗೆ ಮರ್ಯಾದೆ ಅಂತೆ, ಕೈಗಲ್ಲ! ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, “ಸರಿ ಹೋಯ್ತಲ್ಲ, ಇನ್ನೇನು ನಿಮಗೇ ಸಿಕ್ಕ ಹಾಗೆ” ಎಂದಳು. ಅವಳಿಗೆ ಏನೂ ಅರ್ಥವಾಗುವುದಿಲ್ಲ ಎಂದುಕೊಂಡ.

ತನ್ನ ಹನ್ನೆರಡನ್ನೂ ಗಾಡಿಯಲ್ಲಿ ಹಾಕಿಸಿಕೊಂಡು ಅಂಗಡಿಗೆ ತಂದ. ಎಂಟು ದಿನ ಮೈ ಮುರಿದು ದುಡಿದ. ಟ್ಯೂಬಿನ ಕತ್ತಿನ ಸುರುಳಿಯನ್ನು ಸಡಿಲಿಸಿ, ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಜರುಗಿಸಿ, ಕೆಂಪು ಅಂಚಿನಿಂದ ಅಂಚಿಗೆ ಸಮನಾಗಿ ಹರಡುವವರೆಗೆ ಬಿಡಲಿಲ್ಲ. ಸುರುಳಿ ಅಲುಗದಂತೆ ಸಿಕ್ಕಿಸಿದ್ದ, ಒಣಗಿ ಬಿರುಕುಬಿಟ್ಟ ರಬ್ಬರಿನ ಆಪುಗಳನ್ನು ಕಿತ್ತು ಹೊಸದನ್ನು ಕೊಟ್ಟು ಅಂಟು ಹಾಕಿದ. ಷಡ್ಡಕನೋ, ಸೆಟ್ಟುಗಳನ್ನು ಎಲ್ಲಿಗೂ ಒಯ್ಯದೆ ಗೋದಾಮಿನಲ್ಲೇ ಚಾಪೆ ಹಾಸಿಕೊಂಡು, ಮಂಡಿಯೂರಿ ಕೆಲಸ ಮಾಡುತ್ತಿದ್ದನಂತೆ. ಅದನ್ನು ಕೇಳಿ ದೊಡ್ಡ ಮೆಕ್ಯಾನಿಕ್ ಮನಸಾರೆ ನಕ್ಕಿದ್ದ. ಬೆಂಚಿಲ್ಲದವನು, ಪಾಪ!

ಶನಿವಾರ ಬೆಳಿಗ್ಗೆ ಗಾಡಿಯಿಂದ ಹನ್ನೆರಡನ್ನೂ ಇಳಿಸಿ ಸಾಲಾಗಿ ಕೂರಿಸಿ ಸ್ವಿಚ್ಚು ಹಾಕಿದ. ನೋಡುತ್ತಾನೆ, ಏಳು ಸೆಟ್ಟುಗಳ ಮೂಲೆಗಳಲ್ಲಿ ಮಚ್ಚೆ! ಒಂದರಲ್ಲಿ ಕಿತ್ತಳೆ, ಇನ್ನೊಂದರಲ್ಲಿ ನೇರಳೆ. ಎದುರು ಸಾಲಿನಲ್ಲಿ ಷಡ್ಡಕನ ಹನ್ನೆರಡೂ ಕೆಂಪಗೆ, ಒಂದಕ್ಕೂ ಒಂದು ಗೀರಿಲ್ಲ. ದೊಡ್ಡ ಮೆಕ್ಯಾನಿಕ್‌ನ ತಲೆ ಕಾದುಹೋಯಿತು. ಎಲ್ಲೋ ಮ್ಯಾಗ್ನೆಟ್ ಇಟ್ಟಿದ್ದಾನೆ ಕಳ್ಳ! ಮೇಜಿನ ಅಡಿಯಲ್ಲಿ ತಡಕಿದ, ಗೋಡೆಯ ಸಂದಿಗೆಲ್ಲ ಸ್ಕ್ರೂಡ್ರೈವರ್ ಹಿಡಿದು ಎಳೆಯುತ್ತದೆಯೇ ಎಂದು ನೋಡಿದ, ಷಡ್ಡಕನ ಚೀಲದ ಮೇಲೂ ಒಮ್ಮೆ ಹಾಯಿಸಿದ. ಸಿಕ್ಕಿದ್ದು ಒಂದು ಊಟದ ಡಬ್ಬಿ.

ಷಡ್ಡಕ ಇದನ್ನೆಲ್ಲ ನೋಡಿಯೂ ನೋಡದವನ ಹಾಗೆ ನಿಂತಿದ್ದ. ಕೊನೆಗೆ ಮೆಲ್ಲಗೆ ಹೇಳಿದ. “ಭಾವ, ದಿಕ್ಕು ಬದಲಾಯ್ತಲ್ಲ, ಅದಕ್ಕೇ ಇರಬೇಕು. ನಿಮ್ಮ ಬೆಂಚ್ ಮೇಲೆ ಇವು ಬೀದಿ ಕಡೆ ಮುಖ ಮಾಡಿದ್ವು, ಇಲ್ಲಿ ಅಡ್ಡ ಕೂತಿವೆ. ಭೂಮಿದೂ ಒಂದು ಎಳೆತ ಇರುತ್ತೆ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು? ಕೂರಿಸಿದ ಜಾಗದಲ್ಲೇ ಒಂದ್ಸಲ ಕಾಯಿಲ್ ಆಡಿಸಿ, ಹೋಗುತ್ತೆ.”

ಹೌದು. ಟಿವಿ ಇರುವ ಜಾಗದಲ್ಲೇ ಅದರ ಬಣ್ಣ ತೊಳೆಯಬೇಕು. ಇವನೇ ಹೇಳಿಕೊಟ್ಟ ಮಾತು, ಇವನಿಗೇ ಮರೆತಿತ್ತು. ಬೆಂಚಿನ ಮೇಲೆ ತೊಳೆದ ಕೆಂಪನ್ನು ನೋಡಿ ನೋಡಿ ಖುಷಿಪಡುವುದರಲ್ಲಿ, ಗೋದಾಮಿನಲ್ಲಿ ಸೆಟ್ಟು ಯಾವ ಕಡೆಗೆ ಮುಖ ಮಾಡುತ್ತದೆ ಎಂದು ಎಂಟು ದಿನದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. “ಗೊತ್ತು ಗೊತ್ತು, ಅದನ್ನೇ ಮಾಡೋಕೆ ಹೊರಟಿದ್ದೆ” ಎಂದ. ಮಾತು ಬಾಯಿಂದ ಬರುವಾಗಲೇ ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಏಳಕ್ಕೂ ಕಾಯಿಲ್ ಆಡಿಸಿದ. ಒಂದೊಂದೇ ಮಚ್ಚೆ ನಡುಗಿ, ಕರಗಿ, ಮಾಯವಾಯಿತು. ಪ್ರತಿ ಮಚ್ಚೆ ಹೋದಾಗಲೂ ಅವನಿಗೆ ಸಂತೋಷವಾಗಬೇಕಿತ್ತು, ಆಗಿದ್ದು ಉರಿ. ಒಂದೂವರೆಯ ಹೊತ್ತಿಗೆ ಎರಡು ಸಾಲೂ ಸಮ.

“ಬನ್ನಿ ಭಾವ, ಊಟ ಮಾಡೋಣ. ಇಬ್ಬರಿಗಾಗೋಷ್ಟು ಕಟ್ಟಿದಾಳೆ” ಎಂದು ಷಡ್ಡಕ ಡಬ್ಬಿ ತೆಗೆದ.

“ಹಸಿವಿಲ್ಲ.”

“ಬೆಳಿಗ್ಗೆಯಿಂದ ನೀವೇನೂ ತಿಂದಿಲ್ಲ.”

“ಹಸಿವಿಲ್ಲ ಅಂದ್ನಲ್ಲ ಮಾರಾಯ!”

ಷಡ್ಡಕ ಡಬ್ಬಿ ಹಿಡಿದು ಹೊರಗಿನ ಮೆಟ್ಟಿಲ ಕಡೆಗೆ ಹೋದ. ಅಲ್ಲೇ ಕೂತು ಏನೋ ಗುನುಗುತ್ತ ಊಟ ಶುರುಮಾಡಿದ್ದು ಒಳಗೆ ಕೇಳಿಸುತ್ತಿತ್ತು. ತಿನ್ನುವಾಗಲೂ ನಿಶ್ಚಿಂತೆ ಇವನಿಗೆ!

ಒಳಗೆ ಇಪ್ಪತ್ತನಾಲ್ಕು ಕೆಂಪು ತೆರೆಗಳ ನಡುವೆ ದೊಡ್ಡ ಮೆಕ್ಯಾನಿಕ್ ಒಬ್ಬನೇ ಉಳಿದ. ಲೆಕ್ಕ ಸರಳವಾಗಿತ್ತು. ಯಾವುದನ್ನೂ ಮುಟ್ಟದೆ ಮೂರು ಗಂಟೆಯವರೆಗೆ ಕೈ ಕಟ್ಟಿ ಕೂತರೆ ಕೆಲಸ ಅವನದು. ಎರಡೂ ಸಾಲು ಸರಿಯಿದ್ದರೆ ಭಾವನಿಗೆ ಎಂದು ಆಗಿಹೋಗಿತ್ತು. ಫೋನಿಗೆ ಗಾಜು ಅಂಟಿಸುವ ಗತಿ ತಪ್ಪಿತು. ಕೂತುಕೊಳ್ಳಬೇಕು, ಅಷ್ಟೇ.

ಅವನಿಂದ ಕೂರಲಾಗಲಿಲ್ಲ. ಎದ್ದು ಎದುರು ಸಾಲಿಗೆ ಹೋದ, ಬೆನ್ನ ಹಿಂದೆ ಕೈಕಟ್ಟಿಕೊಂಡು ಒಂದೊಂದನ್ನೇ ನೋಡುತ್ತ ನಡೆದ. ಒಂದನೆಯದು, ಪರವಾಗಿಲ್ಲ. ಎರಡನೆಯದು, ಮೂರನೆಯದು, ಪರವಾಗಿಲ್ಲ. ನಾಲ್ಕನೆಯದರ ಮುಂದೆ ಕಾಲು ನಿಂತಿತು. ತುಂಬ ಹಳೆಯ ಸೆಟ್ಟು, ಅಂಚಿನ ಪ್ಲಾಸ್ಟಿಕ್ಕೆಲ್ಲ ಹಳದಿ ತಿರುಗಿತ್ತು. ಇಂಥ ಮುದಿ ಟ್ಯೂಬಿನಲ್ಲಿ ಮೂಲೆಯ ಕೆಂಪು ಸ್ವಲ್ಪವಾದರೂ ಮಾಸಿರಲೇಬೇಕು. ಇದರಲ್ಲಿ ಮಾಸಿರಲಿಲ್ಲ. ಈ ಮೂಲೆಯಿಂದ ಆ ಮೂಲೆಗೆ ಒಂದೇ ಕೆಂಪು, ಒಂದೇ ತೂಕ. ಅವನು ಬಗ್ಗಿ ನೋಡಿದ, ಕನ್ನಡಕ ಹಾಕಿ ನೋಡಿದ, ಪಕ್ಕದಿಂದ ನೋಡಿದ. ತನ್ನ ನಲವತ್ತು ವರ್ಷದ ಕೆಲಸದಲ್ಲಿ ಇಂಥದೊಂದು ಮೂಲೆ ತನಗೆ ಒದಗಿರಲಿಲ್ಲ. ಎರಡು ಸಾಲೂ ಸಮ ಎಂದು ಯಜಮಾನಿ ಹೇಳಬಹುದು, ಬೀದಿಯವರು ಹೇಳಬಹುದು. ಸಮ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಹೊರಗೆ ಕೂತು ಉಣ್ಣುತ್ತಿದ್ದ ಆ ಮನುಷ್ಯನಿಗೂ ಗೊತ್ತಿರಬೇಕು. ಗೊತ್ತಿದ್ದೇ ಆ ಕುರ್ಚಿಯನ್ನು ತನಗೆ ದಾನ ಮಾಡಿದ್ದಾನೆ.

ಕೈ ಜಾರಿತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಅವನು ಹೋಗಿ ಕಾಯಿಲ್ ತಂದ, ಪ್ಲಗ್ಗು ಚುಚ್ಚಿದ, ಸ್ವಿಚ್ಚು ಒತ್ತಿ ಗಾಜಿನ ಹತ್ತಿರ ಒಂದು ಅರ್ಧ ಸುತ್ತು ಆಡಿಸಿದ, ಮಣಿಕಟ್ಟನ್ನು ತುಸು ತಿರುಗಿಸಿ ಅಲ್ಲೇ ಹೆಬ್ಬೆರಳು ಬಿಟ್ಟುಬಿಟ್ಟ. ಕೆಳಗಿನ ಮೂಲೆಯಲ್ಲಿ ಮುಷ್ಟಿ ಗಾತ್ರದ ನೇರಳೆ ಮಚ್ಚೆ ಕೂತಿತು. ಅದರ ಬೆನ್ನಿಗೆ ಅರ್ಧಚಂದ್ರದ ಹಾಗೆ ಒಂದು ಹಳದಿ ಅಂಚು.

ಒಂದು ಗಳಿಗೆ ಹೊಟ್ಟೆ ತಣ್ಣಗಾಯಿತು. ಮರುಗಳಿಗೆಗೆ ಎಚ್ಚರವಾಯಿತು. ಅಯ್ಯೋ, ಏನು ಮಾಡಿಬಿಟ್ಟೆ! ತೆಗೆದುಬಿಡೋಣ, ಇನ್ನೂ ಹೊತ್ತಿದೆ ಎಂದು ಕಾಯಿಲನ್ನು ಮತ್ತೆ ಎತ್ತಿದ. ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಯಜಮಾನಿ ಬಂದಿದ್ದಳು. ಹಿಂದೆಯೇ ಷಡ್ಡಕ, ತೊಳೆದ ಡಬ್ಬಿಯ ನೀರು ಜಾಡಿಸುತ್ತ.

ಅವಳು ಮೊದಲು ದೊಡ್ಡ ಮೆಕ್ಯಾನಿಕ್‌ನ ಸಾಲನ್ನು ನೋಡಿ ತಲೆದೂಗಿದಳು. ಆಮೇಲೆ ಎದುರು ಸಾಲಿಗೆ ಬಂದು ನಾಲ್ಕನೆಯದರ ಮುಂದೆ ನಿಂತಳು. “ಇದೇನಿದು?”

ಷಡ್ಡಕ ಬಗ್ಗಿ ನೋಡಿದ. ಒಂದು ನೋಟ ಸಾಕಾಯಿತು. ತಲೆಯೆತ್ತಿ ಭಾವನ ಕೈಯಲ್ಲಿದ್ದ ಕಾಯಿಲನ್ನು ನೋಡಿದ, ಭಾವನ ಮುಖವನ್ನು ನೋಡಲಿಲ್ಲ.

“ನನ್ನದೇ ತಪ್ಪು ಮೇಡಂ” ಎಂದ. “ಊಟಕ್ಕೆ ಹೋಗೋ ಅವಸರದಲ್ಲಿ ಕೊನೇ ಸಲ ಕಾಯಿಲ್ ಆಡಿಸಿದೆ, ಹತ್ತಿರ ಇದ್ದಾಗ್ಲೇ ಸ್ವಿಚ್ ಬಿಟ್ಬಿಟ್ಟೆ ಅನ್ಸುತ್ತೆ.”

ಯಜಮಾನಿ ನಿಟ್ಟುಸಿರು ಬಿಟ್ಟಳು. “ಏನ್ ಮಾಡೋದು, ಮಾತು ಅಂದ್ರೆ ಮಾತು. ಕೆಲಸ ಇವರಿಗೇ.” ಪರ್ಸಿನಿಂದ ಗೋದಾಮಿನ ಕೀಲಿಕೈ ತೆಗೆದು ದೊಡ್ಡ ಮೆಕ್ಯಾನಿಕ್‌ನ ಅಂಗೈಯಲ್ಲಿಟ್ಟಳು. ಇಟ್ಟವಳು ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಷಡ್ಡಕನ ಕಡೆಗೆ ತಿರುಗಿದಳು. “ಒಂದು ಮಾತು ಹೇಳ್ತೀನಿ. ಎಷ್ಟೋ ಜನರ ಹತ್ರ ಕೆಲಸ ಮಾಡಿಸಿದೀನಿ. ನನ್ನದೇ ತಪ್ಪು ಅಂತ ಬಾಯಿಬಿಟ್ಟು ಹೇಳಿದೋರು ನೀವೊಬ್ರೇ. ನಿಮ್ಮಂಥೋರು ಸಿಗಲ್ಲ.”

ಕೀಲಿಕೈ ದೊಡ್ಡ ಮೆಕ್ಯಾನಿಕ್‌ನ ಅಂಗೈಯಲ್ಲಿತ್ತು. ಹೊಗಳಿಕೆ ಅಲ್ಲಿ, ಷಡ್ಡಕನ ತಲೆಯ ಮೇಲೆ. ಮಾಡಿದ್ದು ತಾನು, ಹೊಗಳಿಸಿಕೊಂಡವನು ಅವನು! ತನ್ನ ಹಲ್ಕಾ ಕೆಲಸವನ್ನೂ ಬಿಡಲಿಲ್ಲವಲ್ಲ ಈ ಮಹಾನುಭಾವ, ಅದನ್ನೂ ಕಸಿದುಕೊಂಡು ದೊಡ್ಡ ಮನುಷ್ಯನಾದನಲ್ಲ! ಹೊಟ್ಟೆಯಿಂದ ಎದ್ದ ಉರಿ ನೇರವಾಗಿ ಬಾಯಿಗೆ ಬಂತು.

“ಮೇಡಂ, ಅದನ್ನ ಮಾಡಿದ್ದು ನಾನು.”

ಯಜಮಾನಿ ನಕ್ಕುಬಿಟ್ಟಳು. “ಆಹಾ, ಷಡ್ಡಕರು ಅಂದ್ರೆ ಹೀಗಿರಬೇಕಪ್ಪ! ಅವರು ನೋಡಿದ್ರೆ ನನ್ನದು ಅಂತಾರೆ, ನೀವು ನೋಡಿದ್ರೆ ನನ್ನದು ಅಂತೀರ. ಎಷ್ಟು ದೊಡ್ಡ ಮನಸ್ಸು ನಿಮ್ಮದು.”

“ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ನಾನೇ ಮಾಡಿದ್ದು.”

“ಭಾವ, ಸುಮ್ನಿರಿ” ಎಂದು ಷಡ್ಡಕ ಅವನ ಹೆಗಲ ಮೇಲೆ ಕೈಯಿಟ್ಟ.

“ಕೈ ತೆಗಿ! ಇವನ ಕೈಲಿ ಇಂಥದು ಆಗೋದೇ ಇಲ್ಲ ಮೇಡಂ. ಬೇಕಿದ್ರೆ ಮಾಡಿ ತೋರಿಸಲಿ.”

ಅಲ್ಲಿಯವರೆಗೆ ಷಡ್ಡಕನ ಮುಖದಲ್ಲಿದ್ದ ಸೌಮ್ಯ ಕಳೆ ತುಸು ಕದಡಿತು. “ಆಗೋದಿಲ್ಲ ಅಂದ್ರೆ? ಸ್ವಿಚ್ ಬಿಡೋದೂ ಒಂದು ವಿದ್ಯೆನಾ ಭಾವ?”

“ವಿದ್ಯೆನೇ. ಇದೇ ಮಚ್ಚೆ, ಇದೇ ಅಳತೆ, ಇದೇ ಹಳದಿ ಅಂಚು. ಮಾಡು ನೋಡೋಣ, ಅದೇನು ಕಿಸಿತೀಯೋ.”

ಷಡ್ಡಕ ಡಬ್ಬಿಯನ್ನು ನೆಲಕ್ಕಿಟ್ಟು ತನ್ನ ಕಾಯಿಲ್ ತೆಗೆದುಕೊಂಡ. ತನ್ನ ಐದನೆಯ ಸೆಟ್ಟಿನ ಮುಂದೆ ನಿಂತು ಸುತ್ತಿಸಿದ. ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಡುತ್ತದೆಯೇ, ಕಾಲು ತಾನಾಗಿ ಹಿಂದಕ್ಕೆ ಹೆಜ್ಜೆಯಿಟ್ಟಿತು, ಬೆರಳು ದೂರ ಬಂದಮೇಲೇ ಬಿಟ್ಟಿತು. ತೆರೆ ಮೊದಲಿಗಿಂತ ಶುಭ್ರ.

“ಆಯ್ತಾ?” ಎಂದ ದೊಡ್ಡ ಮೆಕ್ಯಾನಿಕ್.

“ತಡೀರಿ ಭಾವ.” ಷಡ್ಡಕ ತೋಳು ಮಡಚಿದ. ಎರಡನೆಯ ಸಲ ಕಾಲನ್ನು ನೆಲಕ್ಕೆ ಒತ್ತಿ ನಿಂತು, ಬೆರಳನ್ನು ಬಲವಂತವಾಗಿ ಬಿಟ್ಟ. ಇಡೀ ತೆರೆಗೆ ತುಕ್ಕಿನ ಬಣ್ಣ ಬಂತೇ ಹೊರತು ಮಚ್ಚೆ ಕೂರಲಿಲ್ಲ.

“ಅಯ್ಯೋ, ನನ್ನ ಸೆಟ್ಟು!” ಎಂದಳು ಯಜಮಾನಿ. ಇಬ್ಬರಿಗೂ ಕೇಳಿಸಲಿಲ್ಲ.

“ಮಣಿಕಟ್ಟು ಬಿಗಿ ಹಿಡೀತೀಯ, ಅದಕ್ಕೇ. ಸರಿ, ಆ ಕಡೆ ನಿಲ್ಲು.” ದೊಡ್ಡ ಮೆಕ್ಯಾನಿಕ್ ತನ್ನ ಸಾಲಿನ ನಾಲ್ಕನೆಯ ಸೆಟ್ಟಿಗೆ ಹೋದ. ಅರ್ಧ ಸುತ್ತು, ಮಣಿಕಟ್ಟಿನ ಒಂದು ಸಣ್ಣ ತಿರುವು, ಹೆಬ್ಬೆರಳು. ಮುಷ್ಟಿ ಗಾತ್ರದ ನೇರಳೆ, ಬೆನ್ನಿಗೆ ಅರ್ಧಚಂದ್ರದ ಹಳದಿ. ಎದುರಿನದರ ಅಚ್ಚು ತೆಗೆದು ಇಲ್ಲಿ ಒತ್ತಿದ ಹಾಗಿತ್ತು.

ಷಡ್ಡಕ ಬಂದು ಮಂಡಿಯೂರಿ ಕೂತ. ಆ ಮಚ್ಚೆ ನೋಡಿದ, ತಿರುಗಿ ಈ ಮಚ್ಚೆ ನೋಡಿದ. ತುಟಿ ಬಿಗಿದಿತ್ತು, ಮೂಗಿನ ಹೊಳ್ಳೆ ಅರಳಿತ್ತು, ಕಣ್ಣು ಸಣ್ಣದಾಗಿತ್ತು. ದೊಡ್ಡ ಮೆಕ್ಯಾನಿಕ್‌ಗೆ ಆ ಮುಖ ಚೆನ್ನಾಗಿ ಗೊತ್ತು. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಾನು ಗಡ್ಡ ಹೆರೆಯುತ್ತಿದ್ದುದು ಅದೇ ಮುಖದ್ದು.

“ಹೇಗೆ ಮಾಡಿದ್ರಿ ಭಾವ?” ಎಂದ ಷಡ್ಡಕ. ದನಿಯಲ್ಲಿ ಸೌಜನ್ಯ ಉಳಿದಿರಲಿಲ್ಲ. “ಇದನ್ನ ನನಗೆ ಹೇಳ್ಕೊಡಲೇ ಇಲ್ಲವಲ್ಲ ನೀವು.”

ದೊಡ್ಡ ಮೆಕ್ಯಾನಿಕ್ ಎದೆಯುಬ್ಬಿಸಿ ನಿಂತ. ಇದಕ್ಕಿಂತ ಒಳ್ಳೆಯ ಮಾತನ್ನು ಅವನು ಹುಟ್ಟಿದಾರಭ್ಯ ಕೇಳಿರಲಿಲ್ಲ.

“ಅಂದ್ರೆ…” ಎಂದಳು ಯಜಮಾನಿ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ. “ನಿಜವಾಗ್ಲೂ ನೀವೇನಾ ಮಾಡಿದ್ದು? ಬೇಕೂ ಅಂತ?”

“ಮತ್ತೆ! ಬೇರೆ ಯಾರ ಕೈಲಾಗುತ್ತೆ?”

ಅವಳು ಕೈ ಚಾಚಿದಳು. ಅವನು ಕೀಲಿಕೈ ಕೊಟ್ಟ. ಅವಳು ಅದನ್ನು ಷಡ್ಡಕನಿಗೆ ಕೊಟ್ಟು, “ಈ ಮೂರನ್ನೂ ಸರಿ ಮಾಡಿಬಿಡಿ, ಸೋಮವಾರದಿಂದ ಬನ್ನಿ” ಎಂದು ಹೊರಟುಹೋದಳು. ಷಡ್ಡಕ ಕೀಲಿಕೈಯನ್ನು ನೋಡದೆಯೇ ಜೇಬಿಗೆ ಹಾಕಿಕೊಂಡ. ಅವನ ಕಣ್ಣು ಇನ್ನೂ ಆ ಮಚ್ಚೆಯ ಮೇಲಿತ್ತು. ಬಲಗೈಯ ಮಣಿಕಟ್ಟನ್ನು ಗಾಳಿಯಲ್ಲಿ ಹಾಗೆ ಹೀಗೆ ತಿರುಗಿಸಿ ನೋಡುತ್ತಿದ್ದ.

ಅದನ್ನು ನೋಡಿಕೊಂಡೇ ದೊಡ್ಡ ಮೆಕ್ಯಾನಿಕ್ ಹೊರಬಿದ್ದ. ಸ್ಕೂಟರಿಗೆ ಐದು ಸಲ ಒದ್ದಿದ್ದೂ ಅವನಿಗೆ ತಿಳಿಯಲಿಲ್ಲ. ಮನೆಗೆ ಬಂದಾಗ ಹೆಂಡತಿ ಮಂಚದ ತುಂಬ ಒಣಗಿದ ಬಟ್ಟೆ ಹರವಿಕೊಂಡು ಮಡಚುತ್ತಿದ್ದಳು.

“ಎರಡು ಸಲ ಮಾಡಿದ ಕಣೇ, ಎರಡು ಸಲ! ಆಗ್ಲಿಲ್ಲ ಅವನ ಕೈಲಿ!” ಎಂದು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ. ಕುರ್ಚಿ ಎಳೆದು ಕೂತು, ಅರ್ಧ ಸುತ್ತು, ಮಣಿಕಟ್ಟು, ಹೆಬ್ಬೆರಳು ಎಲ್ಲವನ್ನೂ ಕೈಯಾಡಿಸಿ ತೋರಿಸಿದ. “ಅವನ ಮುಖ ನೋಡ್ಬೇಕಿತ್ತು ನೀನು. ಹೇಗೆ ಮಾಡಿದ್ರಿ ಭಾವ ಅಂತಾನೆ! ಕೇಳಿದ ಕಣೇ ನನ್ನ!”

ಅವಳು ನಗುನಗುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. “ಒಳ್ಳೇದಾಯ್ತು ಬಿಡಿ, ಇನ್ನಾದ್ರೂ ನಿಮ್ಮ ಹೊಟ್ಟೆ ತಣ್ಣಗಿರಲಿ. ಯಾವತ್ತಿಂದ ಹೋಗ್ಬೇಕು ನೀವು?”

“ಎಲ್ಲಿಗೆ?”

“ಇನ್ನೆಲ್ಲಿಗೆ, ಕೆಲಸಕ್ಕೆ.”

ಅವನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ತೊಡೆಯ ಮೇಲೆ ಇಳಿಯಿತು. “ಕೆಲಸ ಅವನಿಗೆ ಕೊಟ್ರು” ಎಂದ.

“ಎರಡೂ ಸಾಲು ಸರಿ ಇದ್ರೆ ನಿಮಗೇ ಅಂತ ಆಗಿತ್ತಲ್ಲ?”

“ಆಗಿತ್ತು.”

“ಎರಡೂ ಸರಿ ಇತ್ತಾ?”

“ಇತ್ತು” ಎಂದ ಅವನು. ಬಗ್ಗಿ ಚಪ್ಪಲಿ ಬಿಚ್ಚತೊಡಗಿದ.

ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅವನ ಅಂಗಿಯೊಂದನ್ನು ಎತ್ತಿಕೊಂಡು, ತೋಳು ಒಳಗೆ ಮಡಿಸಿ, ಕಾಲರನ್ನು ಅಂಗೈಯಿಂದ ತೀಡಿ, ಮಡಿಕೆಯ ಮೇಲಿಟ್ಟಳು. ಇನ್ನೊಂದನ್ನು ಎತ್ತಿಕೊಂಡಳು.

“ನನ್ನ ತಂಗಿ ಪುಣ್ಯವಂತೆ” ಎಂದಳು, ಬಟ್ಟೆಯಿಂದ ಕಣ್ಣೆತ್ತದೆ.

ಇಪ್ಪತ್ತೆರಡು ವರ್ಷದಲ್ಲಿ ಅವಳ ಬಾಯಿಂದ ಅವನು ಆ ಮಾತು ಕೇಳಿದ್ದು ಅದೇ ಮೊದಲು.